ಬ್ರೇಕ್‌ಪಾಯಿಂಟ್ ಕೈಪಿಡಿಗಳಲ್ಲಿನ ದೋಷಗಳು

ಓಡುತ್ತಿರುವ ಪ್ರೋಗ್ರಾಮನ್ನು ಗೊತ್ತುಪಡಿಸಿದ ಸಾಲಿನಲ್ಲೋ ಗೊತ್ತುಪಡಿಸಿದ ಸಂದರ್ಭದಲ್ಲೋ ತಡೆದು ನಿಲ್ಲಿಸಿ, ಅದರ ಒಳಸ್ಥಿತಿಯನ್ನು ನೋಡಲು ಡಿಬಗರ್ ಒದಗಿಸುವ ಸೌಲಭ್ಯವೇ ಬ್ರೇಕ್‌ಪಾಯಿಂಟ್. ಈ ಸೌಲಭ್ಯವನ್ನು ವಿವರಿಸುವ ಕೈಪಿಡಿ, ಸಹಾಯ ಪಠ್ಯ ಮತ್ತು ಪ್ರೊಸೆಸರ್ ದಾಖಲೆಗಳಲ್ಲಿ ಬರೆದಿರುವುದಕ್ಕೂ ಯಂತ್ರ ನಿಜವಾಗಿ ಮಾಡುವುದಕ್ಕೂ ನಡುವೆ ಉಳಿದುಬಂದಿರುವ ಅಂತರ ಈ ಲೇಖನದ ವಿಷಯ. ಇಂಥ ಅಂತರಗಳಲ್ಲಿ ಕೆಲವು ಒಂದು ಎಣಿಕೆಯಷ್ಟು ಸಣ್ಣವು. 2018ರಲ್ಲಿ ಬಯಲಾದ ಒಂದಂತೂ ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್ ಮೊದಲಾದ ಆಪರೇಟಿಂಗ್ ಸಿಸ್ಟಂಗಳ ಭದ್ರತೆಯನ್ನೇ ಅಲುಗಿಸಿತು.

ಬೇರೆ ತಂತ್ರಾಂಶಗಳ ಕೈಪಿಡಿಯಲ್ಲಿ ತಪ್ಪಿದ್ದರೆ ಬಳಸುವವರಿಗೆ ಬೇಗ ತಿಳಿಯುತ್ತದೆ. ಹೇಳಿದ ಬಟನ್ ಪರದೆಯ ಮೇಲೆ ಇರುವುದಿಲ್ಲ, ಕೊಟ್ಟ ಆಜ್ಞೆಯನ್ನು ಯಂತ್ರ ಒಪ್ಪುವುದಿಲ್ಲ. ಡಿಬಗರ್ ಬಳಸುವವರು ಮೊದಲೇ ಇನ್ನೊಂದು ತಪ್ಪಿನ ಬೆನ್ನು ಹತ್ತಿರುತ್ತಾರೆ. ಬ್ರೇಕ್‌ಪಾಯಿಂಟ್ ಎಣಿಸಿದಲ್ಲಿ ನಿಲ್ಲದಿದ್ದರೆ ಅವರು ಮೊದಲು ಅನುಮಾನಿಸುವುದು ತಮ್ಮ ಪ್ರೋಗ್ರಾಮನ್ನೇ. ಹೀಗಾಗಿ ಇಲ್ಲಿನ ದೋಷಗಳು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ.

ಹಿನ್ನೆಲೆ

ಬ್ರೇಕ್‌ಪಾಯಿಂಟ್ ಕಲ್ಪನೆ ಎಲೆಕ್ಟ್ರಾನಿಕ್ ಕಂಪ್ಯೂಟರಿನಷ್ಟೇ ಹಳೆಯದು. 1946ರಲ್ಲಿ ಜಗತ್ತಿಗೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಪ್ರೋಗ್ರಾಂ ಎಂದರೆ ವೈರುಗಳ ಜೋಡಣೆ. ಒಂದು ವೈರನ್ನು ಕಿತ್ತರೆ ಲೆಕ್ಕ ಅಲ್ಲಿಗೆ ನಿಲ್ಲುತ್ತಿತ್ತು, ಆವರೆಗಿನ ಫಲಿತಾಂಶವನ್ನು ನೋಡಬಹುದಿತ್ತು. ಈ ಉಪಾಯದ ಶ್ರೇಯಸ್ಸನ್ನು ಎನಿಯಾಕ್‌ನ ಮೊದಲ ಪ್ರೋಗ್ರಾಮರ್‌ಗಳಲ್ಲಿ ಒಬ್ಬರಾದ ಬೆಟ್ಟಿ ಹೋಲ್ಬರ್ಟನ್ ಅವರಿಗೆ ಸಲ್ಲಿಸುವುದು ವಾಡಿಕೆ. 1960ರ ದಶಕದ ಆರಂಭದಲ್ಲಿ ಎಂಐಟಿಯ ಪಿಡಿಪಿ-1 ಯಂತ್ರಕ್ಕಾಗಿ ಬರೆದ ಡಿಡಿಟಿ ಎಂಬ ಡಿಬಗರ್, ಕೀಲಿಮಣೆಯ ಮುಂದೆ ಕೂತೇ ಪ್ರೋಗ್ರಾಮನ್ನು ನಿಲ್ಲಿಸಿ ನೋಡುವ ರೂಢಿಯನ್ನು ಬೆಳೆಸಿತು. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಗಾಗಿ ಜಿಡಿಬಿ ಬರೆದರು. ಸಿ ಮತ್ತು ಸಿ++ ಪ್ರಪಂಚದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಅದರ ಕೈಪಿಡಿಯೂ ಸುಮಾರು ನಾಲ್ಕು ದಶಕಗಳಿಂದ ಅನೇಕರ ಕೈಯಲ್ಲಿ ಬೆಳೆದುಬಂದಿದೆ.

ಪ್ರೊಸೆಸರ್ ಕಡೆಯಿಂದ ಎರಡು ಮುಖ್ಯ ಸೌಲಭ್ಯಗಳು ಬಂದವು. ಎಕ್ಸ್86 ಎಂದು ಕರೆಯುವ ಇಂಟೆಲ್ 8086 ಕುಟುಂಬದಲ್ಲಿ ಇಂಟ್-3 ಎಂಬ ಒಂದೇ ಬೈಟಿನ ಆದೇಶವಿದೆ. 1985ರ 80386 ಪ್ರೊಸೆಸರಿನಲ್ಲಿ ಡಿಬಗ್ ರಿಜಿಸ್ಟರ್‌ಗಳು ಸೇರಿಕೊಂಡವು. ಇಂದಿನ ಬಹುತೇಕ ಡೆಸ್ಕ್‌ಟಾಪ್ ಮತ್ತು ಸರ್ವರ್ ಡಿಬಗರ್‌ಗಳು ನಿಂತಿರುವುದು ಈ ಎರಡರ ಮೇಲೆ.

ಕೆಲಸ ಮಾಡುವ ಬಗೆ

ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್ ಹಾಕುವಾಗ ಡಿಬಗರ್ ಪ್ರೋಗ್ರಾಮಿನ ಸ್ಮೃತಿಗೇ ಕೈ ಹಾಕುತ್ತದೆ. ಗುರುತಿಸಿದ ಆದೇಶದ ಮೊದಲ ಬೈಟನ್ನು ಎತ್ತಿಟ್ಟುಕೊಂಡು ಅಲ್ಲಿ ಇಂಟ್-3ರ ಬೈಟನ್ನು ಕೂರಿಸುತ್ತದೆ. ಎಕ್ಸ್86ರ ಯಾವ ಆದೇಶವೂ ಒಂದು ಬೈಟಿಗಿಂತ ಚಿಕ್ಕದಲ್ಲವಾದ್ದರಿಂದ ಮುಂದಿನ ಆದೇಶಕ್ಕೆ ಧಕ್ಕೆಯಾಗುವುದಿಲ್ಲ. ಪ್ರೊಸೆಸರ್ ಆ ಬೈಟಿಗೆ ಬಂದೊಡನೆ ಎಕ್ಸೆಪ್ಶನ್ ಏಳುತ್ತದೆ, ಆಪರೇಟಿಂಗ್ ಸಿಸ್ಟಂ ಡಿಬಗರಿಗೆ ಸುದ್ದಿ ಮುಟ್ಟಿಸುತ್ತದೆ. ಮುಂದುವರಿಯಿರಿ ಎಂದಾಗ ಡಿಬಗರ್ ಮೂಲ ಬೈಟನ್ನು ಮರಳಿಸಿ, ಒಂದೇ ಆದೇಶವನ್ನು ನಡೆಸಿ, ಮತ್ತೆ ಇಂಟ್-3 ಕೂರಿಸಿ ಓಡಲು ಬಿಡುತ್ತದೆ.

ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಸ್ಮೃತಿಯನ್ನು ಮುಟ್ಟುವುದಿಲ್ಲ. ಕಾಯಬೇಕಾದ ವಿಳಾಸವನ್ನು ಡಿಬಗ್ ರಿಜಿಸ್ಟರಿನಲ್ಲಿ ಬರೆದರೆ ಪ್ರೊಸೆಸರೇ ಕಾಯುತ್ತದೆ. ಎಕ್ಸ್86ರಲ್ಲಿ ಇಂಥ ವಿಳಾಸಗಳು ನಾಲ್ಕೇ. ಒಂದೊಂದೂ 1, 2 ಅಥವಾ 4 ಬೈಟುಗಳನ್ನು, 64 ಬಿಟ್ ಸ್ಥಿತಿಯಲ್ಲಿ 8 ಬೈಟುಗಳನ್ನು ಕಾಯಬಲ್ಲದು. ಆದೇಶವನ್ನು ಕಾಯುತ್ತಿದ್ದರೆ ಅದು ನಡೆಯುವ ಮೊದಲೇ ನಿಲುಗಡೆ. ದತ್ತಾಂಶವನ್ನು ಕಾಯುತ್ತಿದ್ದರೆ ಓದು ಅಥವಾ ಬರಹ ಮುಗಿದ ಮೇಲೆ ನಿಲುಗಡೆ. ಚರದ ಮೌಲ್ಯ ಬದಲಾದಾಗ ನಿಲ್ಲುವ ವಾಚ್‌ಪಾಯಿಂಟ್‌ಗಳು ಸಾಮಾನ್ಯವಾಗಿ ಇವನ್ನೇ ಬಳಸಿಕೊಳ್ಳುತ್ತವೆ.

ಇವುಗಳ ಮೇಲೆ ಡಿಬಗರ್ ತನ್ನದೇ ಸೌಲಭ್ಯಗಳನ್ನು ಕಟ್ಟುತ್ತದೆ. ಷರತ್ತು ನಿಜವಾದಾಗ ಮಾತ್ರ ನಿಲ್ಲುವುದು, ಇಷ್ಟು ಸಲ ಹಾದುಹೋಗಲು ಬಿಟ್ಟು ನಿಲ್ಲುವುದು, ನಿಲ್ಲದೆ ಸಂದೇಶವನ್ನಷ್ಟೇ ದಾಖಲಿಸುವುದು ಇವೆಲ್ಲ ಹೀಗೆ ಬಂದವು. ಕಂಪೈಲರ್ ಬರೆದಿಟ್ಟ ಸಾಲುಗಳ ಪಟ್ಟಿ ಮೂಲಪಠ್ಯದ ಸಾಲನ್ನು ಯಂತ್ರದ ವಿಳಾಸಕ್ಕೆ ಜೋಡಿಸುತ್ತದೆ. ಎಲ್ಲದರ ಮೇಲೆ ವಿಎಸ್ ಕೋಡ್, ಎಕ್ಲಿಪ್ಸ್‌ನಂಥ ಎಡಿಟರುಗಳು ಕೆಂಪು ಚುಕ್ಕೆ ಇಡುತ್ತವೆ. ಹೀಗೆ ಒಂದು ಬ್ರೇಕ್‌ಪಾಯಿಂಟ್ ಸರಿಯಾಗಿ ನಿಲ್ಲಲು ಪ್ರೊಸೆಸರ್, ಆಪರೇಟಿಂಗ್ ಸಿಸ್ಟಂ, ಕಂಪೈಲರ್, ಡಿಬಗರ್, ಎಡಿಟರ್ ಐದೂ ಒಂದೇ ಅರ್ಥದಲ್ಲಿ ನಡೆದುಕೊಳ್ಳಬೇಕು. ಅವುಗಳ ದಾಖಲೆಗಳನ್ನು ಬರೆಯುವವರು ಐದು ಕಡೆ ಕೂತ ಬೇರೆ ಬೇರೆ ಜನ.

ದೋಷಗಳ ವಿಧ

ಬ್ರೇಕ್‌ಪಾಯಿಂಟ್ ಕೈಪಿಡಿಗಳ ದೋಷಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ನೇರ ತಪ್ಪು, ಅಂದರೆ ಬರೆದದ್ದಕ್ಕೆ ವಿರುದ್ಧವಾಗಿ ಯಂತ್ರ ನಡೆಯುವುದು. ಎರಡನೆಯದು ಅಪೂರ್ಣತೆ: ಬರೆದದ್ದು ನಿಜ, ಆದರೆ ಅದು ಯಾವಾಗ ನಿಜವಲ್ಲ ಎಂಬುದನ್ನು ಬಿಟ್ಟಿರುವುದು. ಮೂರನೆಯದು ಅಸ್ಪಷ್ಟತೆ, ಒಂದೇ ವಾಕ್ಯಕ್ಕೆ ಎರಡು ಅರ್ಥ ಹೊಂದುವುದು. ನಾಲ್ಕನೆಯದು ಹಳತಾಗುವಿಕೆ, ಬರೆದಾಗ ಸರಿಯಿದ್ದುದು ಆವೃತ್ತಿ ಬದಲಾಗಿ ತಪ್ಪಾಗುವುದು. ನೇರ ತಪ್ಪುಗಳಿಗಿಂತ ಉಳಿದ ಮೂರನ್ನು ಹಿಡಿಯುವುದು ಕಷ್ಟ, ಏಕೆಂದರೆ ಅಲ್ಲಿ ಇದೇ ತಪ್ಪು ಎಂದು ಬೆರಳಿಟ್ಟು ತೋರಿಸಲು ಒಂದು ವಾಕ್ಯ ಸಿಗುವುದಿಲ್ಲ.

ಎಣಿಕೆ ಮತ್ತು ಷರತ್ತು

ಹೆಚ್ಚು ಗೊಂದಲ ಹುಟ್ಟಿಸಿರುವುದು ಎಣಿಕೆ. ಜಿಡಿಬಿಯ ಇಗ್ನೋರ್ ಆಜ್ಞೆಗೆ ಬ್ರೇಕ್‌ಪಾಯಿಂಟ್ ಸಂಖ್ಯೆಯನ್ನೂ 5 ಎಂಬ ಎಣಿಕೆಯನ್ನೂ ಕೊಟ್ಟರೆ ಮುಂದಿನ ಐದು ಹಾಯುವಿಕೆಗಳನ್ನು ಬಿಟ್ಟುಬಿಡುತ್ತೇನೆ ಎಂದು ಅದು ಉತ್ತರಿಸುತ್ತದೆ, ಆರನೆಯದರಲ್ಲಿ ನಿಲ್ಲುತ್ತದೆ. ಅದೇ ಜಿಡಿಬಿಯಲ್ಲಿ ನಿಂತ ಜಾಗದಿಂದ ಕಂಟಿನ್ಯೂ ಆಜ್ಞೆಗೆ 5 ಕೊಟ್ಟರೆ ಐದನೆಯ ಹಾಯುವಿಕೆಯಲ್ಲೇ ನಿಲ್ಲುತ್ತದೆ. ಒಳಗೆ ಅದು ಕೊಟ್ಟ ಸಂಖ್ಯೆಯಿಂದ ಒಂದನ್ನು ಕಳೆದು ಇಗ್ನೋರ್ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. ಡಿಬಗರಿನೊಳಗಿನ ಸಹಾಯ ಪಠ್ಯದಲ್ಲಿ ಈ ಕಳೆಯುವ ಲೆಕ್ಕ ಸ್ಪಷ್ಟವಾಗಿದೆ. ಮುದ್ರಿತ ಕೈಪಿಡಿಯಾದರೋ ಕಂಟಿನ್ಯೂವಿನ ಎಣಿಕೆ ಇಗ್ನೋರ್ ಇದ್ದಂತೆಯೇ ಎಂದು ಹೇಳಿ ಮುಂದೆ ಹೋಗುತ್ತದೆ. ಒಂದೇ ತಂತ್ರಾಂಶದ ಎರಡು ಅಧಿಕೃತ ಪಠ್ಯಗಳ ನಡುವೆ ಒಂದರ ವ್ಯತ್ಯಾಸ ಹೀಗೆ ಉಳಿದುಬಂತು.

ಬೇರೆ ಡಿಬಗರ್‌ಗಳಿಗೆ ಹೋದರೆ ಅಳತೆಗೋಲೇ ಬದಲಾಗುತ್ತದೆ. ಜಾವಾ ಡಿಬಗ್ ಪ್ರೋಟೊಕಾಲ್ ಆದ ಜೆಡಿಡಬ್ಲ್ಯುಪಿಯ ಎಣಿಕೆ ಫಿಲ್ಟರಿಗೆ 5 ಎಂದರೆ ಮೊದಲ ನಾಲ್ಕನ್ನು ಬಿಟ್ಟು ಐದನೆಯದನ್ನು ವರದಿ ಮಾಡುವುದು, ಅದೂ ಒಂದೇ ಸಲ. ವಿಂಡೋಸ್‌ನ ವಿನ್‌ಡಿಬಿಜಿಯಲ್ಲೂ ಕೊಟ್ಟ ಸಂಖ್ಯೆ ನಿಲ್ಲಬೇಕಾದ ಸುತ್ತನ್ನೇ ಸೂಚಿಸುತ್ತದೆ. ಒಂದು ಡಿಬಗರಿನಿಂದ ಇನ್ನೊಂದಕ್ಕೆ ಬಂದವರು ಇದನ್ನು ಅರಿಯದಿದ್ದರೆ ಒಂದು ಸುತ್ತು ತಡವಾಗಿಯೋ ಮುಂಚಿತವಾಗಿಯೋ ನಿಲ್ಲುತ್ತಾರೆ.

ಷರತ್ತು ಮತ್ತು ಎಣಿಕೆ ಎರಡೂ ಇರುವ ಬ್ರೇಕ್‌ಪಾಯಿಂಟ್ ಇನ್ನೂ ತೊಡಕಿನದು. ಎಣಿಕೆ ಸೊನ್ನೆಗೆ ಇಳಿಯುವವರೆಗೆ ಷರತ್ತನ್ನು ಪರೀಕ್ಷಿಸುವುದಿಲ್ಲ ಎಂದು ಜಿಡಿಬಿ ಕೈಪಿಡಿ ಹೇಳುತ್ತದೆ. ಜಿಡಿಬಿಯ ಮೂಲಸಂಕೇತದಲ್ಲಿ ಕ್ರಮ ತಿರುಗುಮುರುಗಾಗಿದೆ. ಅಲ್ಲಿ ಮೊದಲು ಷರತ್ತಿನ ಪರೀಕ್ಷೆ. ಅದು ಸುಳ್ಳಾದರೆ ಆ ಹಾಯುವಿಕೆ ಲೆಕ್ಕಕ್ಕೇ ಇಲ್ಲ. ನಿಜವಾದರೆ ಮಾತ್ರ ಎಣಿಕೆಯಿಂದ ಒಂದು ಕಳೆಯುತ್ತದೆ.

ವ್ಯತ್ಯಾಸ ಎಷ್ಟೆಂಬುದನ್ನು ಒಂದು ಸಣ್ಣ ಲೂಪಿನಲ್ಲಿ ನೋಡಬಹುದು. ಐ ಎಂಬ ಚರ 0ಯಿಂದ 99ರವರೆಗೆ ಏರುತ್ತದೆ. ಲೂಪಿನ ಒಳಗೆ ಬ್ರೇಕ್‌ಪಾಯಿಂಟ್ ಇದೆ. ಐ 10ರಿಂದ ಶೇಷವಿಲ್ಲದೆ ಭಾಗವಾಗಬೇಕು ಎಂಬುದು ಷರತ್ತು, ಬಿಡಬೇಕಾದ ಎಣಿಕೆ 3. ಕೈಪಿಡಿಯ ಮಾತಿನ ಪ್ರಕಾರ 0, 1, 2 ಈ ಮೂರು ಸುತ್ತುಗಳು ಎಣಿಕೆಗೆ ಹೋಗಿ, ಆಮೇಲೆ ಷರತ್ತು ಜಾರಿಗೆ ಬಂದು, ಐ 10 ಆದಾಗ ಪ್ರೋಗ್ರಾಂ ನಿಲ್ಲಬೇಕು. ಮೂಲಸಂಕೇತದ ಪ್ರಕಾರ 0, 10, 20 ಮೂರೂ ಎಣಿಕೆಗೆ ಹೋಗುತ್ತವೆ, ನಿಲ್ಲುವುದು 30ರಲ್ಲಿ. ನಡುವೆ ಇಪ್ಪತ್ತು ಸುತ್ತುಗಳ ಅಂತರ. ಆ ಸುತ್ತುಗಳಲ್ಲೇ ದತ್ತಾಂಶ ಕೆಟ್ಟಿದ್ದರೆ ಹುಡುಕುವವರು ಅದನ್ನು ದಾಟಿ ಬಂದಿರುತ್ತಾರೆ.

ಪೈಥಾನ್‌ನ ಡಿಬಗರ್ ಪಿಡಿಬಿ ಇದೇ ವಿಷಯವನ್ನು ಸರಿಯಾಗಿ ಬರೆದಿದೆ. ಬ್ರೇಕ್‌ಪಾಯಿಂಟನ್ನು ತಲುಪಿದಾಗ, ಅದು ನಿಷ್ಕ್ರಿಯವಾಗಿರದೆ, ಅದರ ಷರತ್ತೂ ನಿಜವಾಗಿದ್ದರೆ ಮಾತ್ರ ಎಣಿಕೆ ಒಂದು ಇಳಿಯುತ್ತದೆ ಎಂದು ಅದರ ಕೈಪಿಡಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ಜೆಡಿಡಬ್ಲ್ಯುಪಿ ಇನ್ನೊಂದು ದಾರಿ ಹಿಡಿದಿದೆ. ಫಿಲ್ಟರ್‌ಗಳನ್ನು ಕೊಟ್ಟ ಕ್ರಮದಲ್ಲೇ ಅನ್ವಯಿಸಲಾಗುತ್ತದೆ ಎಂದು ಬರೆದು ಆಯ್ಕೆಯನ್ನು ಬಳಸುವವರಿಗೆ ಬಿಟ್ಟಿದೆ. ಎರಡರಲ್ಲೂ ಓದುಗ ಊಹಿಸಬೇಕಾದ್ದು ಏನೂ ಇಲ್ಲ.

ವಾಚ್‌ಪಾಯಿಂಟ್‌ನ ಮಿತಿಗಳು

ಅಪೂರ್ಣತೆಗೆ ಒಳ್ಳೆಯ ಉದಾಹರಣೆ ಜಿಡಿಬಿಯ ಆರ್‌ವಾಚ್. ಕೊಟ್ಟ ಚರವನ್ನು ಪ್ರೋಗ್ರಾಂ ಓದಿದಾಗ ನಿಲ್ಲುತ್ತದೆ ಎಂಬ ಒಂದೇ ಸಾಲಿನಲ್ಲಿ ಕೈಪಿಡಿ ಅದನ್ನು ಪರಿಚಯಿಸುತ್ತದೆ. ಎಕ್ಸ್86 ಪ್ರೊಸೆಸರಿನ ಡಿಬಗ್ ರಿಜಿಸ್ಟರುಗಳಿಗೆ ಬರಹವನ್ನು ಕಾಯಲು ಬರುತ್ತದೆ, ಓದು ಮತ್ತು ಬರಹ ಎರಡನ್ನೂ ಒಟ್ಟಿಗೆ ಕಾಯಲು ಬರುತ್ತದೆ. ಓದನ್ನು ಮಾತ್ರ ಕಾಯುವ ಸೌಲಭ್ಯ ಅಲ್ಲಿಲ್ಲ. ಆದ್ದರಿಂದ ಜಿಡಿಬಿ ಎರಡನ್ನೂ ಕಾಯುವಂತೆ ಹೇಳಿ, ನಿಂತಾಗ ಹಳೆಯ ಮೌಲ್ಯವನ್ನೂ ಹೊಸ ಮೌಲ್ಯವನ್ನೂ ಹೋಲಿಸುತ್ತದೆ. ಮೌಲ್ಯ ಬದಲಾಗಿದ್ದರೆ ಅದು ಬರಹವೆಂದು ಸುಮ್ಮನೆ ಮುಂದೆ ಹೋಗುತ್ತದೆ, ಬದಲಾಗದಿದ್ದರೆ ಓದೆಂದು ವರದಿ ಮಾಡುತ್ತದೆ. ಸೊನ್ನೆ ಇದ್ದ ಜಾಗಕ್ಕೆ ಪ್ರೋಗ್ರಾಂ ಮತ್ತೆ ಸೊನ್ನೆಯನ್ನೇ ಬರೆದರೆ ಆ ಬರಹವೂ ಓದಿನ ವೇಷದಲ್ಲಿ ಬಳಕೆದಾರನ ಮುಂದೆ ನಿಲ್ಲುತ್ತದೆ.

ರಿಜಿಸ್ಟರುಗಳ ಸಂಖ್ಯೆಯೂ ಹಾಗೆಯೇ. ದೊಡ್ಡ ಸ್ಟ್ರಕ್ಟನ್ನು ಕಾಯಲು ಹೇಳಿದರೆ ನಾಲ್ಕು ರಿಜಿಸ್ಟರುಗಳು ಸಾಲುವುದಿಲ್ಲ. ಆಗ ಜಿಡಿಬಿ ಹಾರ್ಡ್‌ವೇರ್ ಬಿಟ್ಟು, ಒಂದೊಂದೇ ಆದೇಶವನ್ನು ನಡೆಸಿ ಪ್ರತಿ ಸಲವೂ ಮೌಲ್ಯವನ್ನು ಹೋಲಿಸುವ ದಾರಿ ಹಿಡಿಯುತ್ತದೆ. ಇದರಿಂದ ಓಟ ನೂರಾರು ಪಟ್ಟು ನಿಧಾನವಾಗಬಹುದು ಎಂದು ಕೈಪಿಡಿಯೇ ಎಚ್ಚರಿಸುತ್ತದೆ. ಹಲವು ಥ್ರೆಡ್‌ಗಳಿರುವ ಪ್ರೋಗ್ರಾಮಿನಲ್ಲಿ ಬೇರೆ ಥ್ರೆಡ್ ಮಾಡಿದ ಬದಲಾವಣೆ ಕಣ್ತಪ್ಪಬಹುದು ಎಂಬ ಎಚ್ಚರಿಕೆಯೂ ಅಲ್ಲಿದೆ. ಪರದೆಯ ಮೇಲೆ ಕಾಣುವ ಗುರುತು ಒಂದೇ: ಉತ್ತರದ ಆರಂಭದಲ್ಲಿ ಹಾರ್ಡ್‌ವೇರ್ ಎಂಬ ಪದ ಇದೆಯೋ ಇಲ್ಲವೋ.

ಎಂಬೆಡೆಡ್ ಕ್ಷೇತ್ರದಲ್ಲಿ ಮಿತಿ ಇನ್ನೂ ಬಿಗಿ. ಪ್ರೋಗ್ರಾಂ ಫ್ಲ್ಯಾಶ್ ಸ್ಮೃತಿಯಲ್ಲಿ ಇರುವುದರಿಂದ ಬೈಟನ್ನು ಸುಲಭವಾಗಿ ಬದಲಿಸಲಾಗದು. ಆರ್ಮ್ ಕಾರ್ಟೆಕ್ಸ್-ಎಂ3ರಲ್ಲಿ ಆದೇಶಗಳನ್ನು ಕಾಯಲು ಇರುವುದು ಆರು ಹೋಲಿಕೆಗಾರಗಳು, ಕಾರ್ಟೆಕ್ಸ್-ಎಂ0ದಲ್ಲಿ ಹೆಚ್ಚೆಂದರೆ ನಾಲ್ಕು. ಎಷ್ಟು ಬೇಕಾದರೂ ಬ್ರೇಕ್‌ಪಾಯಿಂಟ್ ಹಾಕಿಕೊಳ್ಳಿ ಎಂಬ ಡೆಸ್ಕ್‌ಟಾಪ್ ಪಾಠವನ್ನು ಇಲ್ಲಿಗೆ ತಂದರೆ ಏಳನೆಯದು ಕೂರುವುದಿಲ್ಲ.

ಎಡಿಟರುಗಳ ಪದರ

ವಿಎಸ್ ಕೋಡ್ ತಾನಾಗಿ ಪ್ರೋಗ್ರಾಮನ್ನು ನಿಲ್ಲಿಸುವುದಿಲ್ಲ. ಡಿಬಗ್ ಅಡಾಪ್ಟರ್ ಪ್ರೋಟೊಕಾಲ್ ಮೂಲಕ ಆಯಾ ಭಾಷೆಯ ಅಡಾಪ್ಟರಿಗೆ ವಿಷಯ ಮುಟ್ಟಿಸುತ್ತದೆ. ಷರತ್ತು, ಹಿಟ್ ಕೌಂಟ್, ಲಾಗ್‌ಪಾಯಿಂಟ್, ದತ್ತಾಂಶ ಬ್ರೇಕ್‌ಪಾಯಿಂಟ್‌ಗಳಲ್ಲಿ ಯಾವುದು ತನಗೆ ಬರುತ್ತದೆ ಎಂದು ಅಡಾಪ್ಟರ್ ಮೊದಲೇ ತಿಳಿಸುತ್ತದೆ. ಹಿಟ್ ಕೌಂಟಿನ ಅರ್ಥವನ್ನಂತೂ ಪ್ರೋಟೊಕಾಲ್ ಪೂರ್ತಿ ಅಡಾಪ್ಟರಿಗೇ ಬಿಟ್ಟಿದೆ. ಎಡಿಟರಿನ ಕೈಪಿಡಿಯೂ ಇದು ಡಿಬಗ್ ಎಕ್ಸ್‌ಟೆನ್ಶನ್ನನ್ನು ಅವಲಂಬಿಸಿದೆ ಎಂದು ಒಪ್ಪಿಕೊಳ್ಳುತ್ತದೆ. ಹಾಗಾಗಿ ಒಂದು ಭಾಷೆಗೆಂದು ಬರೆದ ಪಾಠ ಅದೇ ಎಡಿಟರಿನ ಇನ್ನೊಂದು ಭಾಷೆಯಲ್ಲಿ ತಪ್ಪಾಗಬಹುದು.

ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋದಲ್ಲಿ ಮೌಲ್ಯ ಬದಲಾದಾಗ ನಿಲ್ಲು ಎಂಬ ಆಯ್ಕೆಯಿದೆ. ಮೊದಲ ಸಲ ಮೌಲ್ಯವನ್ನು ಲೆಕ್ಕ ಹಾಕಿದ್ದು ಬದಲಾವಣೆಯೇ, ಅಲ್ಲವೇ ಎಂಬುದು ಇಲ್ಲಿನ ಪ್ರಶ್ನೆ. ನೇಟಿವ್ ಕೋಡಿನಲ್ಲಿ ಅದು ಬದಲಾವಣೆಯಲ್ಲ, ಮ್ಯಾನೇಜ್ಡ್ ಕೋಡಿನಲ್ಲಿ ಮೊದಲ ಲೆಕ್ಕದಲ್ಲೇ ನಿಲ್ಲುತ್ತದೆ ಎಂದು ಕೈಪಿಡಿ ಬಿಡಿಸಿ ಹೇಳಿದೆ. ನಡವಳಿಕೆ ಎರಡು ಬಗೆಯಾಗಿರುವುದು ವಿನ್ಯಾಸದ ಕೊರತೆ ಎನ್ನಬಹುದು, ಆದರೆ ಕೈಪಿಡಿ ತನ್ನ ಕೆಲಸ ಮಾಡಿದೆ.

ಹಳತಾಗುವ ಪಾಠಗಳು

ಪೈಥಾನ್ 3.7 ಆವೃತ್ತಿ 2018ರಲ್ಲಿ ಬ್ರೇಕ್‌ಪಾಯಿಂಟ್ ಎಂಬ ಹೆಸರಿನ ಅಂತರ್ಗತ ಫಂಕ್ಷನ್ ತಂದಿತು. ಅದನ್ನು ಬರೆದ ಸಾಲಿನಲ್ಲಿ ಪಿಡಿಬಿ ತೆರೆದುಕೊಳ್ಳುತ್ತದೆ. 3.13ಕ್ಕಿಂತ ಮೊದಲು ಪ್ರೋಗ್ರಾಂ ನಿಲ್ಲುತ್ತಿದ್ದದ್ದು ಆ ಸಾಲಿನ ನಂತರ ನಡೆಯುವ ಸಾಲಿನಲ್ಲಿ. 2024ರಲ್ಲಿ ಬಂದ 3.13ರಿಂದ ಅದು ಕರೆದ ಸಾಲಿನಲ್ಲೇ ನಿಲ್ಲುತ್ತದೆ. ಅಧಿಕೃತ ಕೈಪಿಡಿ ಇದನ್ನು ಆವೃತ್ತಿ ಸಂಖ್ಯೆಯೊಂದಿಗೆ ದಾಖಲಿಸಿದೆ. ಪುಸ್ತಕಗಳಲ್ಲೂ ತರಗತಿ ಟಿಪ್ಪಣಿಗಳಲ್ಲೂ ಇರುವ ಪರದೆಚಿತ್ರಗಳು ಮಾತ್ರ ಹಿಂದಿನ ಸಾಲು ಸಂಖ್ಯೆಗಳನ್ನೇ ತೋರಿಸುತ್ತಿವೆ.

ಜಿಡಿಬಿಯಲ್ಲೂ ಇಂಥದೊಂದು ತಿರುವು ಬಂದಿತ್ತು. ಸಿ++ ಟೆಂಪ್ಲೇಟ್ ಅಥವಾ ಇನ್‌ಲೈನ್ ಫಂಕ್ಷನ್‌ನ ಒಂದೇ ಸಾಲು ಯಂತ್ರಸಂಕೇತದಲ್ಲಿ ಹಲವು ಕಡೆ ಇರುತ್ತದೆ. 2008ರ 6.8 ಆವೃತ್ತಿಯಿಂದ ಒಂದು ಬ್ರೇಕ್‌ಪಾಯಿಂಟ್ ಹಲವು ವಿಳಾಸಗಳಲ್ಲಿ ನಿಲ್ಲಬಲ್ಲದು. ಒಂದು ಬ್ರೇಕ್‌ಪಾಯಿಂಟಿಗೆ ಒಂದೇ ವಿಳಾಸ ಎಂದು ಕಲಿಸುವ ಹಳೆಯ ಪಾಠಗಳು ಅಂದಿನಿಂದ ಅರ್ಧಸತ್ಯಗಳಾದವು.

2018ರ ಪ್ರಕರಣ

ಬ್ರೇಕ್‌ಪಾಯಿಂಟ್ ಕುರಿತ ಅಸ್ಪಷ್ಟ ದಾಖಲೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಿವಿಇ-2018-8897 ಎಂಬ ಭದ್ರತಾ ದೋಷ ಸಾಕ್ಷಿ. ಅದು ಬಹಿರಂಗವಾದದ್ದು 2018ರ ಮೇ 8ರಂದು.

ಎಕ್ಸ್86ರಲ್ಲಿ ಸ್ಟ್ಯಾಕ್ ಇರುವ ಜಾಗವನ್ನು ಬದಲಿಸಲು ಸ್ಟ್ಯಾಕ್ ಸೆಗ್ಮೆಂಟ್ ಮತ್ತು ಸ್ಟ್ಯಾಕ್ ಪಾಯಿಂಟರ್ ಎರಡನ್ನೂ ಒಂದರ ಹಿಂದೆ ಒಂದು ಬರೆಯಬೇಕು. ನಡುವೆ ಇಂಟರಪ್ಟ್ ಬಂದರೆ ಸ್ಟ್ಯಾಕ್ ಅರ್ಧಂಬರ್ಧ ಸ್ಥಿತಿಯಲ್ಲಿರುತ್ತದೆ. ಅದಕ್ಕಾಗಿ ಸ್ಟ್ಯಾಕ್ ಸೆಗ್ಮೆಂಟನ್ನು ಬರೆಯುವ ಮೂವ್ ಎಸ್ಎಸ್ ಮತ್ತು ಪಾಪ್ ಎಸ್ಎಸ್ ಆದೇಶಗಳ ನಂತರ ಇನ್ನೊಂದು ಆದೇಶ ಮುಗಿಯುವವರೆಗೆ ಇಂಟರಪ್ಟ್‌ಗಳನ್ನು ಪ್ರೊಸೆಸರ್ ತಡೆಹಿಡಿಯುತ್ತದೆ. ದತ್ತಾಂಶ ಬ್ರೇಕ್‌ಪಾಯಿಂಟಿನ ಎಕ್ಸೆಪ್ಶನ್ ಕೂಡ ಹೀಗೆಯೇ ಮುಂದಕ್ಕೆ ಹೋಗುತ್ತದೆ.

ಆ ಮುಂದಿನ ಆದೇಶವೇ ಕರ್ನಲ್‌ಗೆ ಹೋಗುವ ಸಿಸ್ಟಂ ಕರೆಯಾದರೆ? ಮೂವ್ ಎಸ್ಎಸ್ ಓದುವ ಸ್ಮೃತಿಯ ಮೇಲೆ ದಾಳಿಕಾರ ಮೊದಲೇ ಬ್ರೇಕ್‌ಪಾಯಿಂಟ್ ಇಟ್ಟಿರುತ್ತಾನೆ. ಎಕ್ಸೆಪ್ಶನ್ ಬಾಕಿ ಉಳಿದು, ಪ್ರೊಸೆಸರ್ ಕರ್ನಲ್ ಒಳಗೆ ಕಾಲಿಟ್ಟ ಮೇಲೆ, ಕರ್ನಲ್‌ನ ಮೊದಲ ಆದೇಶವೂ ನಡೆಯುವ ಮುನ್ನ ಏಳುತ್ತದೆ. ಅದನ್ನು ನಿಭಾಯಿಸುವ ಕರ್ನಲ್ ಸಂಕೇತ, ತಾನು ಮೊದಲಿಂದಲೂ ಕರ್ನಲ್ ಒಳಗೇ ಇದ್ದೆನೆಂದು ಭಾವಿಸಿ, ಕರ್ನಲ್ ತನ್ನ ದತ್ತಾಂಶವನ್ನು ತಲುಪಲು ಬಳಸುವ ಜಿಎಸ್ ರಿಜಿಸ್ಟರನ್ನು ಬದಲಿಸಿಕೊಳ್ಳುವುದಿಲ್ಲ. ಬಳಕೆದಾರನ ಹಿಡಿತದಲ್ಲಿರುವ ಮೌಲ್ಯವನ್ನೇ ನಂಬಿ ನಡೆಯುತ್ತದೆ. ವಿಂಡೋಸ್‌ನಲ್ಲಿ ಇದರಿಂದ ಸಾಮಾನ್ಯ ಬಳಕೆದಾರ ಕರ್ನಲ್ ಅಧಿಕಾರ ಪಡೆಯಲು ಸಾಧ್ಯವಿತ್ತು. ಲಿನಕ್ಸ್‌ನಲ್ಲಿ ಯಂತ್ರವನ್ನು ಬೀಳಿಸಬಹುದಿತ್ತು. ಆ್ಯಪಲ್, ಫ್ರೀಬಿಎಸ್‌ಡಿ, ಝೆನ್ ಮೊದಲಾದವರೂ ತಿದ್ದುಪಡಿ ಹೊರಡಿಸಬೇಕಾಯಿತು.

ದೋಷವನ್ನು ಕಂಡುಹಿಡಿದ ಇಬ್ಬರು ಸಂಶೋಧಕರು ಇದಕ್ಕೆ ಅಸ್ಪಷ್ಟ, ಪ್ರಾಯಶಃ ಅಪೂರ್ಣ ದಾಖಲೆಯೇ ಕಾರಣ ಎಂದರು. ಸಿವಿಇ ವಿವರಣೆಯಾದರೋ ಇಂಟೆಲ್ ಕೈಪಿಡಿಯ ಒಂದು ಹೇಳಿಕೆಯನ್ನು ಕರ್ನಲ್ ಬರೆದವರು ಸರಿಯಾಗಿ ನಿಭಾಯಿಸಲಿಲ್ಲ ಎಂದಿತು. ಎರಡೂ ಮಾತು ಒಂದೇ ಕಡೆಗೆ ಬೆರಳು ತೋರುತ್ತವೆ. ವಾಕ್ಯ ಕೈಪಿಡಿಯಲ್ಲಿತ್ತು, ಅದರ ಪರಿಣಾಮ ಅಲ್ಲಿರಲಿಲ್ಲ. ಪರಸ್ಪರ ಸ್ಪರ್ಧಿಗಳಾದ ಅಷ್ಟೊಂದು ಸಂಸ್ಥೆಗಳು ಒಂದೇ ತಪ್ಪನ್ನು ಬೇರೆ ಬೇರೆಯಾಗಿ ಮಾಡಿದ್ದರೆ, ಎಲ್ಲರೂ ಓದಿದ ಪಠ್ಯದ ಕಡೆ ನೋಡದೆ ವಿಧಿಯಿಲ್ಲ.

ಕಾರಣಗಳು

ಮೊದಲ ಕಾರಣ ಪದರಗಳ ರಚನೆ. ಪ್ರತಿ ಪದರದ ಕೈಪಿಡಿ ತನ್ನ ಮೇರೆಯವರೆಗೆ ಬರೆದು ನಿಲ್ಲುತ್ತದೆ. ಷರತ್ತಿನ ಬಗ್ಗೆ ಒಂದು ಕಡೆ, ಎಣಿಕೆಯ ಬಗ್ಗೆ ಇನ್ನೊಂದು ಕಡೆ ಬರೆದಿರುತ್ತಾರೆ. ಎರಡೂ ಕೂಡಿದಾಗ ಏನಾಗುತ್ತದೆ ಎಂಬುದು ಯಾರ ಪಾಲಿಗೂ ಬರುವುದಿಲ್ಲ. ಮೇಲಿನ ದೋಷಗಳಲ್ಲಿ ಹೆಚ್ಚಿನವು ಇಂಥ ಸಂದುಗಳಲ್ಲೇ ಇವೆ.

ಎರಡನೆಯದು, ಒಂದೇ ವಿಷಯ ಹಲವು ಕಡೆ ಇರುವುದು. ಸಹಾಯ ಪಠ್ಯ ಮೂಲಸಂಕೇತದ ಪಕ್ಕದಲ್ಲೇ ಇರುವುದರಿಂದ ಸಂಕೇತ ಬದಲಿಸುವವರ ಕಣ್ಣಿಗೆ ಬೀಳುತ್ತದೆ. ಕೈಪಿಡಿ ಬೇರೆ ಕಡತದಲ್ಲಿರುವುದರಿಂದ ಹಿಂದೆ ಬೀಳುತ್ತದೆ.

ಮೂರನೆಯದು, ತಿದ್ದುವಾಗ ಬರುವ ಇಕ್ಕಟ್ಟು. ಕೈಪಿಡಿ ಒಂದು ಹೇಳಿ ಸಂಕೇತ ಇನ್ನೊಂದು ಮಾಡುತ್ತಿದ್ದರೆ ಯಾವುದನ್ನು ಬದಲಿಸಬೇಕು? ವರ್ಷಗಳಿಂದ ನಡೆದುಬಂದ ನಡವಳಿಕೆಯನ್ನು ನಂಬಿ ಸ್ಕ್ರಿಪ್ಟ್ ಬರೆದುಕೊಂಡವರು ಇರುತ್ತಾರೆ. ಸಂಕೇತ ಬದಲಿಸಿದರೆ ಅವರ ಕೆಲಸ ಕೆಡುತ್ತದೆ. ಇಗ್ನೋರ್ ಎಣಿಕೆಯಂಥ ಪ್ರಕರಣದಲ್ಲಿ ತಿದ್ದಬೇಕಾದ್ದು ವಾಕ್ಯವನ್ನೇ. ಷರತ್ತು ನಿಜವಾದ ಸಲಗಳನ್ನು ಮಾತ್ರ ಎಣಿಸುವುದು ಬಳಸುವವರಿಗೂ ಹೆಚ್ಚು ಉಪಯುಕ್ತ.

ಅಧ್ಯಯನ ಮತ್ತು ಪರಿಹಾರ

ಸಂಕೇತ ಮತ್ತು ವಿವರಣೆಗಳ ನಡುವಿನ ಅಂತರವನ್ನು ಯಂತ್ರದಿಂದಲೇ ಹುಡುಕಿಸುವ ಪ್ರಯತ್ನಗಳು ನಡೆದಿವೆ. 2007ರಲ್ಲಿ ಪ್ರಕಟವಾದ ಐಕಾಮೆಂಟ್ ಎಂಬ ಸಂಶೋಧನೆ ಲಿನಕ್ಸ್, ಮೊಝಿಲ್ಲಾ, ವೈನ್ ಮತ್ತು ಅಪಾಚೆಯ ಮೂಲಸಂಕೇತದ ಟಿಪ್ಪಣಿಗಳಿಂದ ನಿಯಮಗಳನ್ನು ಹೊರತೆಗೆದು 60 ವಿರೋಧಗಳನ್ನು ಗುರುತಿಸಿತು. ಅವುಗಳಲ್ಲಿ 33 ಸಂಕೇತದ ದೋಷಗಳು, 27 ಟಿಪ್ಪಣಿಯ ದೋಷಗಳು. ತಪ್ಪು ಪಠ್ಯದ ಪಾಲು ತಪ್ಪು ಸಂಕೇತದ ಪಾಲಿಗೆ ಹತ್ತಿರವೇ ಇತ್ತು. ತಂತ್ರಾಂಶ ದಾಖಲೆಗಳ ಸಮಸ್ಯೆಗಳ ಮೇಲೆ 2019ರಲ್ಲಿ ಬಂದ ಇನ್ನೊಂದು ಅಧ್ಯಯನ 878 ಚರ್ಚೆ ಮತ್ತು ದೂರುಗಳನ್ನು ಪರಿಶೀಲಿಸಿ 162 ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿತು.

ಕೈಪಿಡಿಯ ಉದಾಹರಣೆಗಳನ್ನು ಪರೀಕ್ಷೆಗಳಂತೆ ಓಡಿಸುವುದು ಇನ್ನೊಂದು ದಾರಿ. ಪೈಥಾನ್‌ನ ಡಾಕ್‌ಟೆಸ್ಟ್ ವಿವರಣೆಯೊಳಗಿನ ಉದಾಹರಣೆಯನ್ನು ನಡೆಸಿ, ಬಂದ ಉತ್ತರವನ್ನು ಬರೆದ ಉತ್ತರದೊಡನೆ ಹೋಲಿಸುತ್ತದೆ. ಬ್ರೇಕ್‌ಪಾಯಿಂಟ್ ಸೌಲಭ್ಯಗಳಿಗೂ ಇದನ್ನು ಒಗ್ಗಿಸಬಹುದು, ಏಕೆಂದರೆ ಎಷ್ಟನೆಯ ಸುತ್ತಿನಲ್ಲಿ ನಿಂತಿತು ಎಂಬುದು ಅಳೆಯಬಹುದಾದ ಸಂಗತಿ.

ಬ್ರೇಕ್‌ಪಾಯಿಂಟಿನ ಯಾವುದೇ ಕೈಪಿಡಿ ಕನಿಷ್ಠ ಐದು ಪ್ರಶ್ನೆಗಳಿಗೆ ಉತ್ತರಿಸಬೇಕು. ಸಾಲು ನಡೆಯುವ ಮೊದಲು ನಿಲ್ಲುತ್ತದೆಯೇ, ನಂತರವೇ? ಕೊಟ್ಟ ಸಂಖ್ಯೆ ಬಿಡಬೇಕಾದ ಸುತ್ತುಗಳದೇ, ನಿಲ್ಲಬೇಕಾದ ಸುತ್ತಿನದೇ? ಷರತ್ತು ಮೊದಲೋ, ಎಣಿಕೆ ಮೊದಲೋ? ಒಟ್ಟಿಗೆ ಎಷ್ಟು ಹಾಕಬಹುದು? ಯಾವ ಪ್ರೊಸೆಸರ್ ಮತ್ತು ಯಾವ ಆವೃತ್ತಿಗೆ ಈ ಮಾತು ಅನ್ವಯ? ಈ ಐದರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಓದುಗರು ಮೇಲೆ ಹೇಳಿದಂಥ ನೂರು ಸುತ್ತಿನ ಲೂಪನ್ನು ಬರೆದು, ತಮ್ಮ ಡಿಬಗರ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ವ್ಯತ್ಯಾಸ ಕಂಡರೆ ಆವೃತ್ತಿ ಸಂಖ್ಯೆಯನ್ನೂ ಆ ಲೂಪನ್ನೂ ಸೇರಿಸಿ ಡಿಬಗರ್ ತಯಾರಕರಿಗೆ ಬರೆಯಬೇಕು. ಕೈಪಿಡಿಯ ತಪ್ಪನ್ನು ತೋರಿಸುವ ವರದಿಯೂ ಬಗ್ ವರದಿಯೇ.